ಗೆರೆ ಸುಮ್ಮನಿದ್ದಾಗ

“ಮಾಮಾ, ನನ್ನ ಮಿದುಳು ನೋಡ್ರಿ!” ಎಂದ ಅಕ್ಕನ ಮಗ. ಹಳಿಯಾಳದ ನಮ್ಮ ಮನೆಯ ಮೇಜಿನ ಮೇಲೆ, ಮಿದುಳಿನ ಅಲೆ ಹಿಡಿಯುವ ನನ್ನ ಇಇಜಿ ಸರ್ಕಿಟ್‌ನ ಪರದೆ ತುಂಬ ಅಲೆಗಳು. ಅವನ ಬಾಯಲ್ಲಿ ಶೇಂಗಾ ಇತ್ತು. “ಮೊದಲು ನುಂಗಪಾ” ಅಂದೆ. ನುಂಗಿದ, ಅಲೆಗಳೂ ಇಳಿದವು.

ದವಡೆಯ ಸ್ನಾಯುಗಳ ಗದ್ದಲದ ಮುಂದೆ ಮಿದುಳಿನದು ಪಿಸುಮಾತು. ನೆತ್ತಿಯ ಮೇಲೆ ಸಿಗುವುದು ಸುಮಾರು 10ರಿಂದ 100 ಮೈಕ್ರೋವೋಲ್ಟ್. ಸಾವಿರಾರು ಪಟ್ಟು ಹಿಗ್ಗಿಸುವುದೇನೂ ದೊಡ್ಡ ಮಾತಲ್ಲ, ಬೇಡದ್ದನ್ನು ಹೊರಗಿಡುವುದೇ ಕಸುಬು. ಗೋಡೆಯೊಳಗಿನ ವೈರಿಂಗ್‌ನ 50 ಹರ್ಟ್ಸ್ ಗುಂಯ್‌ಗಾಟಕ್ಕೆ ನಮ್ಮ ಮೈಯೇ ಆಂಟೆನಾ. ಎಡಿ620 ಚಿಪ್ಪು ಎರಡೂ ಎಲೆಕ್ಟ್ರೋಡಿಗೆ ಸಮನಾಗಿ ಬಂದದ್ದನ್ನು ಕಳೆದು, ವ್ಯತ್ಯಾಸವನ್ನಷ್ಟೇ ಮುಂದಕ್ಕೆ ಬಿಡುತ್ತದೆ. ಆ ಗುಂಯ್‌ಗಾಟವನ್ನೇ ತಲೆಕೆಳಗು ಮಾಡಿ ಮೈಗೆ ಮರಳಿಸುವ ಇನ್ನೊಂದು ಸರ್ಕಿಟ್ ಇದೆ; ಇಸಿಜಿಯಿಂದ ಬಂದ ಹೆಸರು, ‘ರೈಟ್ ಲೆಗ್ ಡ್ರೈವ್’. ನಮ್ಮಲ್ಲಿ ಅದರ ವೈರು ಹೋಗುವುದು ಕಿವಿಯ ಹಿಂದಕ್ಕೆ! ಎಲ್ಲವೂ ಬ್ಯಾಟರಿಯ ಮೇಲೇ; ತಲೆಗೆ ಅಂಟಿಸಿದ್ದನ್ನು ಮೇನ್ಸ್‌ಗೆ ಸಿಕ್ಕಿಸಬಾರದು. ಕರೆಂಟು ಹೋದ ಸಂಜೆ ನನಗೆ ಹಬ್ಬ.

ಕಣ್ಣು ಮುಚ್ಚಿದರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಬಾರಿಯ ಆಲ್ಫಾ ಅಲೆ ಏಳಬೇಕು, ತೆರೆದರೆ ಅಡಗಬೇಕು. ಹ್ಯಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಈ ಅಲೆಯೇ ಇಂದಿಗೂ ನನ್ನ ಒರೆಗಲ್ಲು. ಆಲ್ಫಾ ಬಂದಾಗ ಬೀಪ್ ಕೇಳಿಸಿದರೆ ಬಯೋಫೀಡ್‌ಬ್ಯಾಕ್ ಸಿದ್ಧ.

ಮಿದುಳಿನ ಮಾತು ನಮ್ಮ ಕಡೆಗೂ ಬಂದಿತ್ತು: ಇಲ್ಲೇ ಪಕ್ಕದ ಮುಂಡಗೋಡದ ಟಿಬೆಟನ್ ಮಠ ಡ್ರೆಪುಂಗ್‌ನಲ್ಲಿ 2013ರ ಜನವರಿಯಲ್ಲಿ ದಲಾಯಿ ಲಾಮಾ ಮತ್ತು ವಿಜ್ಞಾನಿಗಳ ‘ಮೈಂಡ್ ಅಂಡ್ ಲೈಫ್’ ಸಂವಾದ ನಡೆಯಿತು. ಬಂದವರಲ್ಲಿ ನರವಿಜ್ಞಾನಿ ರಿಚರ್ಡ್ ಡೇವಿಡ್‌ಸನ್ ಒಬ್ಬರು. ಧ್ಯಾನಿಗಳಲ್ಲಿ ಆಲ್ಫಾಗಿಂತ ವೇಗದ ಗ್ಯಾಮಾ ಅಲೆ ಜೋರಾಗಿದೆ ಎಂಬ ಅವರ ತಂಡದ 2004ರ ಪ್ರಬಂಧ ಜಗತ್ಪ್ರಸಿದ್ಧ. ನಾನು ಮಾತ್ರ ಗ್ಯಾಮಾ ಅಂದರೆ ಮೂಗು ಮುರಿಯುವವ. ಹಣೆ ಗಂಟಿಕ್ಕಿದರೂ ಅದೇ ಹರ್ಟ್ಸಿನಲ್ಲಿ ಸ್ನಾಯುವಿನ ಸದ್ದು ನುಸುಳುತ್ತದೆ.

ನನಗೆ ಹಿಡಿಸಿದ್ದು ಅವರದೇ ತಂಡದ 2021ರ ಪ್ರಬಂಧ. ತೀರಿಕೊಂಡ ಮೇಲೂ ಕೆಲವು ಸಾಧಕರ ದೇಹ ದಿನಗಟ್ಟಲೆ ಕೆಡದೆ ಕುಳಿತಿರುವುದಕ್ಕೆ ಟಿಬೆಟನ್ನರು ‘ತುಕ್ದಮ್’ ಎನ್ನುತ್ತಾರೆ. ಡೇವಿಡ್‌ಸನ್ ತಂಡ ಅಂಥ 13 ಮಂದಿಯ ತಲೆಗೆ ಎಲೆಕ್ಟ್ರೋಡ್ ಇಟ್ಟಿತು. ಆ ಹೊತ್ತಿಗೆ ಪ್ರಾಣ ಹೋಗಿ ಕನಿಷ್ಠ ಒಂದು ದಿನ ಕಳೆದಿತ್ತು. ಒಬ್ಬರಲ್ಲೂ ಅಲೆ ಕಾಣಲಿಲ್ಲ, ಹಾಗೆಂದೇ ಅಚ್ಚು ಹಾಕಿಸಿದರು. ಹಿಗ್ಗಿಸುವ ಗೆಯಿನ್ ಗುಂಡಿ ತಿರುಗಿಸಿ ಏನಾದರೊಂದನ್ನು ಕುಣಿಸಿ ತೋರಿಸುವ ಆಸೆ ಎಂಥದ್ದೆಂದು ಬಲ್ಲ ನನಗೆ ಆ ಚಪ್ಪಟೆ ಗೆರೆ ನೋಡಿ ಮೈ ಜುಮ್ಮೆಂದಿತು. ಅದೇ ಉಪಕರಣವನ್ನು ಬದುಕಿದ್ದವರ ತಲೆಗೂ ಹಚ್ಚಿ ನೋಡಿದ್ದರು. ಅಲ್ಲಿ ಅಲೆ ಬಂದಿತ್ತು.