ಮೆಕ್‌ಕ್ಲೆಲನ್ ಗೆದ್ದಿದ್ದರೆ ಎನ್ನುವ ಕತೆಗಳು

ಅಮೆರಿಕದ ಅಂತರ್ಯುದ್ಧವನ್ನು ‘ಹೀಗಾಗಿದ್ದರೆ’ ಎಂದು ತಿರುಗಿಸಿ ಬರೆಯುವವರಿಗೆ 1864ರ ಅಧ್ಯಕ್ಷೀಯ ಚುನಾವಣೆ ಅಚ್ಚುಮೆಚ್ಚು. ಜಾಡು ಬಹುತೇಕ ಒಂದೇ: ಸೆಪ್ಟೆಂಬರ್ 2ರಂದು ಅಟ್ಲಾಂಟಾ ಒಕ್ಕೂಟದ ಸೇನಾನಿ ಶರ್ಮನ್‌ನ ಕೈಸೇರುವುದಿಲ್ಲ, ಲಿಂಕನ್ ಸೋಲುತ್ತಾನೆ, ಡೆಮಾಕ್ರಟಿಕ್ ಪಕ್ಷದ ಜನರಲ್ ಮೆಕ್‌ಕ್ಲೆಲನ್ ಗೆದ್ದು ದಕ್ಷಿಣಕ್ಕೆ ಸ್ವಾತಂತ್ರ್ಯ ಕೊಟ್ಟುಬಿಡುತ್ತಾನೆ. ಲಿಂಕನ್ ಸೋಲುವುದನ್ನು ಒಪ್ಪಬಹುದು. ಆಗಸ್ಟ್ 23ರಂದು ತನ್ನ ಸೋಲಿನ ಸಾಧ್ಯತೆಯನ್ನು ಅವನೇ ಬರೆದು, ಮಡಿಸಿ, ಒಳಗೇನಿದೆಯೆಂದು ತೋರಿಸದೆ ಮಂತ್ರಿಗಳಿಂದ ಹಿಂಬದಿಯಲ್ಲಿ ರುಜು ಹಾಕಿಸಿಕೊಂಡಿದ್ದ. ಕತೆ ಮುಗ್ಗರಿಸುವುದು ಅಲ್ಲಿಂದ ಮುಂದೆ.

ಏಕೆಂದರೆ ಡೆಮಾಕ್ರಟರು ಒಡೆದುಹೋಗಿದ್ದರು. ಶಿಕಾಗೋ ಅಧಿವೇಶನ ಯುದ್ಧ ಬೇಕೆನ್ನುವ ಸೇನಾನಿಯನ್ನು ಅಭ್ಯರ್ಥಿಯಾಗಿ ಆರಿಸಿತು. ಕದನ ನಿಲ್ಲಿಸಿ ಎನ್ನುವ ಪ್ರಣಾಳಿಕೆಯನ್ನು ಅವನ ಕೈಗೆ ಕೊಟ್ಟಿತು. ಅದರ ಹಿಂದಿದ್ದವನು ಒಹಾಯೊದ ವಲಾಂಡಿಗ್ಯಾಮ್, ಹಿಂದಿನ ವರ್ಷ ಯುದ್ಧವಿರೋಧಿ ಭಾಷಣಕ್ಕಾಗಿ ಸೆರೆಯಾಗಿ ದಕ್ಷಿಣಕ್ಕೆ ಗಡೀಪಾರಾಗಿದ್ದವನು. ಉಪಾಧ್ಯಕ್ಷ ಸ್ಥಾನದ ಟಿಕೆಟ್ಟೂ ಶಾಂತಿಬಣದ ಪೆಂಡಲ್ಟನ್‌ಗೇ ಹೋಯಿತು. ಮೆಕ್‌ಕ್ಲೆಲನ್ ತನ್ನ ಒಪ್ಪಿಗೆ ಪತ್ರವನ್ನು ಮತ್ತೆ ಮತ್ತೆ ತಿದ್ದಿದ. ಒಕ್ಕೂಟ ಉಳಿಯದ ಶಾಂತಿಗೆ ಒಪ್ಪಿದರೆ ಜತೆಗೆ ಹೋರಾಡಿದ ಸೈನಿಕರಿಗೆ ಮುಖ ತೋರಿಸಲಾರೆ ಎಂಬ ಅರ್ಥದ ಮಾತು ಕೊನೆಗೆ ಅದರಲ್ಲಿ ನಿಂತಿತು. ಇಂಥವನು ದೇಶ ಒಡೆಯಲು ಬಿಡುತ್ತಿದ್ದನೆ?

ಹ್ಯಾರಿ ಟರ್ಟಲ್‌ಡವ್‌ನ ‘ದಿ ಗನ್ಸ್ ಆಫ್ ದಿ ಸೌತ್’ (1992) ಈ ಒಡಕನ್ನು ಗುರುತಿಸುತ್ತದೆ. ಅಲ್ಲಿ ಮೆಕ್‌ಕ್ಲೆಲನ್ ಪಕ್ಷದಿಂದ ಬೇರೆಯಾಗಿ ನಿಲ್ಲುತ್ತಾನೆ. ಆದರೆ ಅಷ್ಟರಲ್ಲಿ ಭವಿಷ್ಯದಿಂದ ಬಂದ ಎಕೆ-47 ಹಿಡಿದ ದಕ್ಷಿಣ ಯುದ್ಧ ಗೆದ್ದಾಗಿರುತ್ತದೆ. ಒಡಕಿನಿಂದ ಏನೂ ನಿರ್ಧಾರವಾಗುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಮೆಕ್‌ಕ್ಲೆಲನ್‌ನ ಪತ್ರ ಶಾಂತಿಗೆ ಇಟ್ಟ ಷರತ್ತು ಒಕ್ಕೂಟ ಒಂದೇ. ಗುಲಾಮಗಿರಿಯ ಅಂತ್ಯ ಅದರಲ್ಲಿರಲಿಲ್ಲ. ದೇಶ ಒಂದಾಗಿ ಗುಲಾಮಗಿರಿಯೂ ಉಳಿಯುವುದೇ ಹೆಚ್ಚು ಸಹಜವಾದ, ಹೆಚ್ಚು ಭೀಕರವಾದ ಪರ್ಯಾಯ. ಅದನ್ನು ಬರೆಯಲು ಕೆಂಟಕಿಗೆ ಹೋಗಬೇಕು. ಮೆಕ್‌ಕ್ಲೆಲನ್ ನಿಜಕ್ಕೂ ಗೆದ್ದ ಮೂರು ರಾಜ್ಯಗಳಲ್ಲಿ ಅದೊಂದು. ಗುಲಾಮಗಿರಿ ಅಲ್ಲಿ ಇನ್ನೂ ಕಾನೂನುಬದ್ಧ. ಅಲ್ಲಿಂದಲೇ ಸಾವಿರಾರು ಕಪ್ಪು ಸೈನಿಕರು ಒಕ್ಕೂಟದ ಸೇನೆ ಸೇರಿದ್ದರು. ಅದೇ ನವೆಂಬರ್‌ನ ಚಳಿಯಲ್ಲಿ ಕ್ಯಾಂಪ್ ನೆಲ್ಸನ್ ಶಿಬಿರದ ಸೇನಾಧಿಕಾರಿಗಳು ಆ ಸೈನಿಕರ ಹೆಂಡತಿ ಮಕ್ಕಳನ್ನು, ಸುಮಾರು 400 ಜನರನ್ನು, ಹೊರಗಟ್ಟಿ ಗುಡಿಸಲುಗಳನ್ನು ಕೆಡವಿದರು. ಹಲವರು ಸತ್ತರು. ಎದ್ದ ಆಕ್ರೋಶದಿಂದ, ಸೈನಿಕರ ಹೆಂಡತಿ ಮಕ್ಕಳನ್ನು ಬಿಡುಗಡೆ ಮಾಡುವ ಕಾನೂನು 1865ರ ಮಾರ್ಚ್ 3ರಂದು ಬಂತು. ಮೆಕ್‌ಕ್ಲೆಲನ್ ಗೆದ್ದಿದ್ದರೆ ಮಾರನೆಯ ದಿನವೇ ಅವನ ಪ್ರಮಾಣವಚನ. ಆ ಕಾನೂನನ್ನು ಅವನ ಎರಡು ಬಣಗಳು ಏನು ಮಾಡುತ್ತಿದ್ದವು ಎಂದು ತೋರಿಸುವ ಕಾದಂಬರಿಯನ್ನು ನಾನು ಓದಬೇಕು.