ಅವಿಭಾಜ್ಯಲಕ್ಷಣ ವಿಮರ್ಶೆ

ಒಂದರಿಂದಲೂ ತನ್ನಿಂದಲೂ ಮಾತ್ರವೇ ನಿಶ್ಶೇಷವಾಗಿ ಭಾಗಿಸಲ್ಪಡುವ ಸಂಖ್ಯೆಯು ಅವಿಭಾಜ್ಯವೆಂದು ಬಾಲಪಾಠಗಳಲ್ಲಿ ಹೇಳುವ ವಾಡಿಕೆಯುಂಟು. ಈ ಲಕ್ಷಣಕ್ಕೆ ಒಂದೆಂಬ ಸಂಖ್ಯೆಯಲ್ಲಿ ಅತಿವ್ಯಾಪ್ತಿದೋಷವು ಬರುತ್ತದೆ. ಒಂದನ್ನು ಅವಿಭಾಜ್ಯವೆಂದೊಪ್ಪಿದರೆ ಆರನ್ನು 2×3 ಎಂದೂ 1×2×3 ಎಂದೂ 1×1×2×3 ಎಂದೂ ಬರೆಯಬಹುದಾಗಿ, ವಿಭಜನೆಯ ಏಕತ್ವವೇ ಕೆಡುವುದು.

ಕಂಪ್ಯೂಟರನ್ನು ಹೊಸದಾಗಿ ಕಲಿಯುವ ಬಾಲಕನ ಪ್ರೋಗ್ರಾಮಾದರೋ, ಒಂದು ಮೊದಲುಗೊಂಡು ಆ ಸಂಖ್ಯೆಯವರೆಗೆ ಒಂದೊಂದರಿಂದಲೂ ಭಾಗಿಸಿ, ಶೇಷವುಳಿಸದ ಭಾಜಕಗಳನ್ನೆಣಿಸಿ, ಎಣಿಕೆ ಎರಡಾದರೆ ಮಾತ್ರ ಅವಿಭಾಜ್ಯವೆನ್ನುತ್ತದೆ. ಒಂದಕ್ಕೆ ಭಾಜಕವೊಂದೇ, ಆದುದರಿಂದ ಅದು ತಾನಾಗಿಯೇ ಹೊರಗುಳಿಯಿತು. ಯಂತ್ರದ ಮಾತೆಂದು ನಮ್ಮವರು ಹಗುರಾಗಿ ಕಾಣುವ ಈ ನಾಲ್ಕು ಸಾಲುಗಳಲ್ಲಿ ಲಕ್ಷಣವು ಪಾಠಪುಸ್ತಕದಲ್ಲಿರುವುದಕ್ಕಿಂತ ಶುದ್ಧವಾಗಿದೆಯೆಂದು ಹೇಳಲು ನನಗೆ ಸಂಕೋಚವಿಲ್ಲ.

ಇದರ ದೋಷವು ಪ್ರಕ್ರಿಯೆಯ ಗೌರವದಲ್ಲಿದೆ. ನಮ್ಮ ತಾಳಗುಂದದ ಸ್ತಂಭಶಾಸನದ ಪದ್ಯಗಳು 34. (ಕುಬ್ಜಕವಿಯು 24ನೆಯ ಪದ್ಯವಾದ ಬಳಿಕ ಛಂದಸ್ಸನ್ನು ಬದಲಿಸಿದನು, ಆ ವಿಭಾಗದ ಮಾತು ಬೇರೆ.) ಪ್ರೋಗ್ರಾಮು ಇದನ್ನು 34 ಸಲ ಭಾಗಿಸುತ್ತದೆ, ಐದರವರೆಗೆ ಭಾಗಿಸಿದರೆ ಸಾಕು. ಆರರ ವರ್ಗವೇ 34ನ್ನು ಮೀರುವುದರಿಂದ, ಒಂದರ ಜೊತೆಗೆ 34ನ್ನೂ ಎರಡರ ಜೊತೆಗೆ 17ನ್ನೂ ಪಡೆದಮೇಲೆ ಉಳಿದುದೇನೂ ಇಲ್ಲ. ನಾರಾಯಣಪಂಡಿತನ ಗಣಿತಕೌಮುದಿಯಲ್ಲಿ (1356) ಭಾಜಕಾನ್ವೇಷಣೆಗೆಂದೇ ಮೀಸಲಾದ ಭಾಗಾದಾನವೆಂಬ ಪ್ರಕರಣವಿದೆ. ಅಲ್ಲಿಯೂ ವರ್ಗವನ್ನಾಶ್ರಯಿಸಿದ ಲಾಘವೋಪಾಯವನ್ನು ಕಾಣುತ್ತೇವೆ.

ಲಾಘವವನ್ನು ಬಯಸುವವರು ಒಂದೆಡೆ ಎಚ್ಚರದಿಂದಿರಬೇಕು. ಭಾಜಕಗಳನ್ನು ಜೊತೆಜೊತೆಯಾಗಿ ಎಣಿಸುವಾಗ ವರ್ಗಮೂಲವನ್ನು ಎರಡು ಸಲ ಎಣಿಸಬಾರದು. ಒಂದರ ಜೊತೆ ಒಂದೇ. ಅದನ್ನು ಎರಡೆಂದೆಣಿಸಿದರೆ ಮೊದಲು ಹೊರಹಾಕಿದ ಅತಿವ್ಯಾಪ್ತಿಯು ಮತ್ತೆ ಬಂದು ಸೇರುತ್ತದೆ.