ಬೆಟ್ಟದ ಮನೆಯ ಅತಿಥಿ

ಶಿವರಾಮ ಕಾರಂತರ ‘ಬೆಟ್ಟದ ಜೀವ’ ಬೆಳಕು ಕಂಡದ್ದು 1943ರಲ್ಲಿ. ಎಂಬತ್ತು ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ ಆ ಪುಸ್ತಕದ ವಿಚಾರವಾಗಿ ಹೊಸದಾಗಿ ಹೇಳುವುದೇನಿದೆ ಎಂದು ಓದುಗರು ಕೇಳಿದರೆ ತಪ್ಪಲ್ಲ. ನಾನು ಅದನ್ನು ಮೊದಲು ಓದಿದ್ದು ಕಾಲೇಜಿನಲ್ಲಿ, ಪರೀಕ್ಷೆಯ ಸಲುವಾಗಿ. ಮನುಷ್ಯನ ಛಲಕ್ಕೆ ಬರೆದ ಹೊಗಳಿಕೆಯೆಂದು ಆಗ ಉತ್ತರ ಬರೆದೆ, ಅಂಕಗಳೂ ಬಂದವು. ಕಳೆದ ಮಳೆಗಾಲದಲ್ಲಿ ಊರಿನ ಮನೆಯ ಚಾವಡಿಯಲ್ಲಿ ಕುಳಿತು ಮತ್ತೆ ಓದಿದಾಗ, ನಾನು ಬರೆದ ಉತ್ತರ ಅರ್ಧ ಮಾತ್ರ ಸರಿಯೆಂದು ತೋರಿತು. ಈ ಲೇಖನ ಉಳಿದರ್ಧದ ವಿಚಾರವಾಗಿ.

ಕಥೆ ಎಲ್ಲರಿಗೂ ತಿಳಿದದ್ದೇ. ಸುಬ್ರಹ್ಮಣ್ಯದ ಸುತ್ತಲಿನ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಪ್ರಯಾಣಿಕ ದೇರಣ್ಣಗೌಡ, ಬಟ್ಯರ ನೆರವಿನಿಂದ ಗೋಪಾಲಯ್ಯನ ಮನೆಗೆ ಬಂದು ಸೇರುತ್ತಾನೆ. ರಾತ್ರಿ ಕಳೆಯಲೆಂದು ಬಂದವನು ದಿನಗಳನ್ನು ಕಳೆಯುತ್ತಾನೆ. ಮುದುಕ ಗೋಪಾಲಯ್ಯ, ಅವನ ಹೆಂಡತಿ ಶಂಕರಿ, ಕಾಟುಮೂಲೆಯಲ್ಲಿ ಅವರ ಜಮೀನು ನೋಡಿಕೊಂಡಿರುವ ನಾರಾಯಣ ಮತ್ತು ಲಕ್ಷ್ಮಿ: ಇಷ್ಟೇ ಜನ. ಹುಲಿಯ ಭಯ, ಆನೆಯ ಕಾಟ, ಮಳೆ, ಬೆಟ್ಟ. ಇವೆಲ್ಲದರ ನಡುವೆ ಒಂದು ಖಾಲಿ ಜಾಗ. ಅದು ಮನೆ ಬಿಟ್ಟು ಹೋದ ಮಗನದು.

ಕುಮಾರಪರ್ವತದ ಮಗ್ಗುಲಲ್ಲಿ ಹುಟ್ಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ಕುಮಾರಧಾರೆಯ ಈ ಸೀಮೆಯನ್ನು ಕಾರಂತರು ನೆಲದ ಮೇಲೆ ನಡೆದು ಬಲ್ಲವರು. ಆದ್ದರಿಂದಲೇ ಅವರ ಪುಸ್ತಕದಲ್ಲಿ ಪ್ರಕೃತಿವರ್ಣನೆಯೆಂಬ ಪ್ರತ್ಯೇಕ ಪದಾರ್ಥವಿಲ್ಲ. ಗೋಪಾಲಯ್ಯನಿಗೆ ಬೆಟ್ಟ ಎಂದರೆ ನೀರು ಇಳಿದುಬರುವ ಜಾಗ. ಕಾಡು ಎಂದರೆ ಇನ್ನೂ ಕಡಿಯದ ತೋಟ. ಈ ಮಾತು ಇಂದಿನ ಓದುಗರ ಕಿವಿಗೆ ಹಿತವಾಗಲಾರದು. ಅದೇ ಸೀಮೆಯ ಪುಷ್ಪಗಿರಿ ವನ್ಯಧಾಮ 2012ರಲ್ಲಿ ಪಶ್ಚಿಮ ಘಟ್ಟಗಳ ಇತರ ತಾಣಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇನ್ನೂ ಒಂದು ವಿನೋದವುಂಟು. ಪಿ. ಶೇಷಾದ್ರಿಯವರು ಈ ಕಾದಂಬರಿಯಿಂದ ಮಾಡಿದ ಚಿತ್ರಕ್ಕೆ 58ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂಬ ಮನ್ನಣೆ ದೊರೆಯಿತು. ಕಾಡು ಕಡಿದವನ ಕಥೆಗೆ ಕಾಡು ಉಳಿಸುವ ಪ್ರಶಸ್ತಿ! ಇದು ವಿರೋಧಾಭಾಸವೆಂದು ನಗುವುದು ಸುಲಭ. ಆದರೆ ಪ್ರಶಸ್ತಿ ಕೊಟ್ಟವರು ಪೂರ್ತಿ ತಪ್ಪಿದರೆಂದೂ ನಾನು ಹೇಳಲಾರೆ. ಗೋಪಾಲಯ್ಯ ಕಾಡಿನೊಡನೆ ಹೋರಾಡಿದವನೇ ಹೊರತು ಕಾಡನ್ನು ಮಾರಿದವನಲ್ಲ. ತಾನು ಗೆದ್ದೆನೆಂದು ಅವನು ನಿಶ್ಚಿಂತೆಯಿಂದ ಮಲಗುವಂತೆಯೂ ಇಲ್ಲ. ಆನೆ ಮತ್ತೆ ಬರುತ್ತದೆ, ಕಳೆ ಮತ್ತೆ ಏಳುತ್ತದೆ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಮುಗಿಯುವ ಕೆಲಸ ಅದಲ್ಲ.

ಅಲ್ಲಿಯೇ ಕಾದಂಬರಿಯ ನಿಜವಾದ ಪ್ರಶ್ನೆ ಹುಟ್ಟುತ್ತದೆ. ಒಂದು ಆಯುಷ್ಯದಲ್ಲಿ ಮುಗಿಯದ ಕೆಲಸವನ್ನು ಮುಂದಿನ ಆಯುಷ್ಯಕ್ಕೆ ಒಪ್ಪಿಸಬೇಕು. ಒಪ್ಪಿಸಿಕೊಳ್ಳಬೇಕಾದವನು ಎಲ್ಲಿ? ನಾರಾಯಣ ಇದ್ದಾನೆ, ದುಡಿಯುತ್ತಾನೆ. ಆದರೆ ತೋಟ ಅವನದಲ್ಲ. ಮಗನಿಗೆ ತೋಟ ಇದೆ, ಅವನು ಅಲ್ಲಿಲ್ಲ. ಹಕ್ಕು ಒಂದು ಕಡೆ, ಬೆವರು ಇನ್ನೊಂದು ಕಡೆ. ಕರ್ನಾಟಕದ ಭೂಸುಧಾರಣಾ ಕಾನೂನು 1974ರ ತಿದ್ದುಪಡಿಯ ಮೂಲಕ ಈ ಗಂಟನ್ನು ಬಿಡಿಸಲು ಹೊರಟದ್ದು ಕಾದಂಬರಿ ಬಂದ ಮೂರು ದಶಕಗಳ ಮೇಲೆ. ಕಾರಂತರು ಕಾನೂನಿನ ಭಾಷೆಯಲ್ಲಿ ಏನನ್ನೂ ಹೇಳುವುದಿಲ್ಲ. ಪ್ರೀತಿಯೂ ವಿಶ್ವಾಸವೂ ಎಷ್ಟೇ ಇದ್ದರೂ ಪರರ ನೆಲದಲ್ಲಿ ಗಿಡ ನೆಡುವವನ ಕೈ ಅಳುಕುತ್ತದೆ ಎಂಬುದನ್ನು ಮಾತ್ರ ತೋರಿಸುತ್ತಾರೆ.

ಗೋಪಾಲಯ್ಯನ ಅತಿಥಿಸತ್ಕಾರವನ್ನು ಹೊಗಳದ ವಿಮರ್ಶಕರಿಲ್ಲ. ಎಣ್ಣೆಸ್ನಾನ, ಊಟ, ಮಾತು, ನಗೆ: ಯಾವುದಕ್ಕೂ ಕೊರತೆಯಿಲ್ಲ. ಬಂದವನನ್ನು ಹೊರಡಗೊಡುವುದೂ ಇಲ್ಲ. ಇದನ್ನು ನಾವು ಹಳ್ಳಿಯವರ ಔದಾರ್ಯವೆಂದು ಓದುತ್ತ ಬಂದಿದ್ದೇವೆ. ಔದಾರ್ಯವೇನೋ ನಿಜ. ಆದರೆ ಮಗ ಕೂರಬೇಕಾದ ಮಣೆಯ ಮೇಲೆ ಬೇರೆ ಯಾರನ್ನಾದರೂ ಕೂರಿಸಿ ಬಡಿಸುವ ಸುಖವೂ ಅದರಲ್ಲಿ ಸೇರಿದೆ. ಶಂಕರಿ ಅತಿಥಿಗೆ ಉಣಬಡಿಸುವಾಗ ಅವಳ ಕಣ್ಣಮುಂದೆ ಇರುವವನು ಒಬ್ಬನಲ್ಲ, ಇಬ್ಬರು. ಕಾರಂತರು ಇದನ್ನು ಬಾಯಿಬಿಟ್ಟು ಸಾರದೆ ಬಿಟ್ಟದ್ದು ಅವರ ದೊಡ್ಡತನ.

ದೋಷವಿಲ್ಲವೆಂದಲ್ಲ. ಇಡೀ ಕಥೆ ಅತಿಥಿಯ ಕಣ್ಣಿನಿಂದ ಬಂದದ್ದು. ಅತಿಥಿಗೆ ಚಾವಡಿ ಕಾಣುವಷ್ಟು ಸ್ಪಷ್ಟವಾಗಿ ಅಡಿಗೆಮನೆ ಕಾಣುವುದಿಲ್ಲ. ಗೋಪಾಲಯ್ಯನ ಮಾತು ಪುಟಗಟ್ಟಲೆ ಹರಿಯುತ್ತದೆ. ಶಂಕರಿಯ ದುಃಖ ಅಂಚಿನಲ್ಲಿ ನಿಂತು ಇಣುಕುತ್ತದೆ. ದಾರಿ ತೋರಿಸಿದ ಬಟ್ಯ ತನ್ನ ಗುಡಿಸಲಿಗೆ ಹೋದ ಮೇಲೆ ಏನಾದನೆಂದು ನಮಗೆ ತಿಳಿಯದು. ‘ಚೋಮನ ದುಡಿ’ಯನ್ನು 1933ರಲ್ಲಿಯೇ ಬರೆದ ಲೇಖಕರಿಂದ ಇದಕ್ಕಿಂತ ಹೆಚ್ಚನ್ನು ಅಪೇಕ್ಷಿಸಿದರೆ ಅನ್ಯಾಯವಾಗದು.

ನಮ್ಮ ಮಳೆಕಾಡಿನ ಹೊಳೆದಂಡೆಗಳ ಬಾಳನ್ನು ಬರೆದ ಬೇರೆ ಕೃತಿಗಳೊಡನೆ ಇದನ್ನು ಇಟ್ಟು ನೋಡಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ತುಂಗೆ ದಾಟಬೇಕಾದ ಗಡಿ. ಗುತ್ತಿ ತಿಮ್ಮಿಯನ್ನು ಕರೆದುಕೊಂಡು ದಾಟುತ್ತಾನೆ. ಅವನ ನಾಯಿ ಹುಲಿಯನನ್ನು ಹೊಳೆ ಒಯ್ಯುತ್ತದೆ. ಅದು ಹೊರಟವರ ಕಥೆ. ಹೊರಡುವುದಕ್ಕೆ ತೆರಬೇಕಾದ ಬೆಲೆ ಅಲ್ಲಿದೆ. ನಾ. ಡಿಸೋಜ ಅವರ ‘ದ್ವೀಪ’ದಲ್ಲಿ ಹೊರಡುವ ಮಾತನ್ನು ಮನುಷ್ಯ ತೀರ್ಮಾನಿಸುವುದೇ ಇಲ್ಲ. ಶರಾವತಿಗೆ ಅಣೆಕಟ್ಟು ಬಂದು ನೀರೇ ಮನೆಬಾಗಿಲಿಗೆ ಏರಿ ಬರುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿಯ ಹಿನ್ನೀರು ಎಷ್ಟೋ ಊರುಗಳಿಗೆ ಮಾಡಿದ್ದು ಇದನ್ನೇ. ‘ಬೆಟ್ಟದ ಜೀವ’ವಾದರೋ ಉಳಿದವರ ಕಥೆ. ಹೊಳೆ ಅವರನ್ನು ಮುಳುಗಿಸಲಿಲ್ಲ, ಸರಕಾರ ಎಬ್ಬಿಸಲಿಲ್ಲ. ಆದರೂ ಮನೆ ಬರಿದಾಗುತ್ತದೆ. ಮೂರರಲ್ಲಿ ಹೆಚ್ಚು ಸದ್ದಿಲ್ಲದ ಕಥೆ ಇದು. ನಮ್ಮ ಕಡೆಯ ಹೆಚ್ಚಿನ ಮನೆಗಳ ಕಥೆಯೂ ಇದೇ.

ಸ್ವಂತದ ಮಾತೊಂದನ್ನು ಓದುಗರು ಮನ್ನಿಸಬೇಕು. ನಮ್ಮ ಮನೆ ಇರುವುದು ಕುಮಾರಧಾರೆಗೆ ಸೇರುವ ಒಂದು ಹಳ್ಳದ ಬದಿಯಲ್ಲಿ. ನಾನು ಶಾಲೆಗೆ ಹೋಗುವಾಗ ಆಷಾಢದಲ್ಲಿ ಅಡಿಕೆ ಮರದ ಕಾಲುಸಂಕವೇ ದಾರಿ; ಸಂಕ ತೇಲಿಹೋದರೆ ಶಾಲೆಗೆ ರಜೆ. ಈಗ ಕಾಂಕ್ರೀಟಿನ ಸೇತುವೆ ಇದೆ, ವಿದ್ಯುತ್ತು ಇದೆ, ಗುಡ್ಡದ ತುದಿಗೆ ಹೋದರೆ ಫೋನೂ ಸಿಗುತ್ತದೆ. ಸಂಕವಿದ್ದಾಗ ಮನೆಯಲ್ಲಿ ಹನ್ನೊಂದು ಜನ. ಸೇತುವೆ ಆದ ಮೇಲೆ ಇಬ್ಬರು. ಬರಲು ಮಾಡಿದ ದಾರಿಯಲ್ಲಿ ಹೋಗಲೂ ಬರುತ್ತದಷ್ಟೆ.

ಬಡತನದಿಂದ ಹೀಗಾಯಿತೆಂದು ಹೇಳಲಾರೆ. ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿಯೇ ನಾವು ಹೆಚ್ಚಾಗಿ ಹೊರಟದ್ದು. ಓದಿಸಿದ್ದು ಆ ಹಣವೇ. ತೋಟಕ್ಕೆ ಬೇಕಾದುದು ಆಳು. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ದಿನ ಕಳೆದು ಇನ್ನೊಮ್ಮೆ ಮರ ಹತ್ತಿ ಮೈಲುತುತ್ತು ಸುಣ್ಣದ ಮದ್ದು ಬಿಡದಿದ್ದರೆ ಕೊಳೆರೋಗ ಕೊನೆಗಳನ್ನು ಉದುರಿಸುತ್ತದೆ. ಹತ್ತುವವರು ಊರಲ್ಲಿ ಬೆರಳೆಣಿಕೆಯಷ್ಟು. ಸಂಪಾಜೆ, ಅರಂತೋಡಿನ ಕಡೆ ಹಳದಿ ರೋಗ ತೋಟಗಳನ್ನೇ ತೆಗೆದಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ, ರಾತ್ರಿ ಜೋರಾಗಿ ಮಳೆ ಹೊಡೆದರೆ ಮುದುಕರಿಗೆ ನಿದ್ದೆ ಬರುವುದಿಲ್ಲ.

ಹಾಗಾದರೆ ಆ ಊರುಗಳಿಗೆ ಮುಂದೇನೂ ಇಲ್ಲವೆ? ಇದೆಯೆಂದೇ ನನ್ನ ನಂಬಿಕೆ. ಅದರ ಸುಳಿವು ಇರುವುದು ಗೋಪಾಲಯ್ಯನಲ್ಲಿ ಅಲ್ಲ, ನಾರಾಯಣನಲ್ಲಿ. ನಮ್ಮ ನೆರೆಯಲ್ಲಿ ಹಿಂದೆ ಗೇಣಿಗಿದ್ದವರ ಮೊಮ್ಮಗನೊಬ್ಬ ಈಗ ತನ್ನದೇ ಆದ ಎರಡೆಕರೆಯಲ್ಲಿ ಅಡಿಕೆ, ಕಾಳುಮೆಣಸು, ಜೇನುಪೆಟ್ಟಿಗೆ ಇಟ್ಟುಕೊಂಡು ನೆಲೆನಿಂತಿದ್ದಾನೆ. ಪೇಟೆಗೆ ಹೋಗಿ ಐದು ವರ್ಷ ಇದ್ದು ಬಂದವನು. ಯಾಕೆ ಬಂದೆ ಎಂದು ಕೇಳಿದರೆ, “ಇಲ್ಲಿ ನೆಟ್ಟದ್ದು ನನ್ನದೇ ಅಲ್ಲವಾ ಅಣ್ಣ?” ಎಂದ. ಕಾಡನ್ನು ಗೆಲ್ಲಬೇಕೆಂಬ ಹಟ ಅವನಿಗಿಲ್ಲ. ಆನೆ ಬರುವ ಬದಿಯನ್ನು ಬಿಟ್ಟೇ ಬೇಸಾಯ ಮಾಡಿದ್ದಾನೆ.

ನಾನು ಹೊರಡುವ ದಿನ ತಂದೆಯವರು ಬಾಗಿಲಿಗೆ ಬಂದು, “ಇನ್ನೊಂದು ದಿವಸ ನಿಂತು ಹೋಗಬಹುದಿತ್ತು, ಮಳೆಯೂ ಬಿಟ್ಟಿಲ್ಲ” ಎಂದರು. ಬಸ್ಸಿಗೆ ಹೊತ್ತಾಯಿತೆಂದು ನಾನು ಚೀಲ ಎತ್ತಿಕೊಂಡೆ. ಸೇತುವೆ ದಾಟಿದ ಮೇಲೆ ಹೊಳೆಯಿತು: ಅತಿಥಿಗೆ ಹೇಳುವ ಮಾತು ಅದು. ಗೋಪಾಲಯ್ಯ ಆ ಪ್ರಯಾಣಿಕನನ್ನು ನಿಲ್ಲಿಸಿಕೊಂಡದ್ದು ಇಂಥ ಮಾತಿನಿಂದಲೇ. ಮಗನಾಗಿದ್ದವನು ಯಾವ ವರ್ಷದಿಂದ ಅತಿಥಿಯಾದೆನೋ ನನಗೆ ತಿಳಿಯಲೇ ಇಲ್ಲ.

ಕಾದಂಬರಿಯಲ್ಲಿ ಆ ಮಗ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವನ ಪಕ್ಷದ ಮಾತನ್ನು ಯಾರೂ ಆಡುವುದಿಲ್ಲ. ಕಾರಂತರು ಅದನ್ನು ಬರೆಯದೆ ಬಿಟ್ಟದ್ದು ಸರಿಯೇ, ಬರೆಯಬೇಕಾದವರು ಅವರಲ್ಲ. ಹೊರಟುಹೋದ ನಾವು ಬರೆಯಬೇಕು, ನೆಪ ಹೇಳದೆ ಬರೆಯಬೇಕು. ಅಲ್ಲಿಯವರೆಗೆ ‘ಬೆಟ್ಟದ ಜೀವ’ ನಮ್ಮಂಥವರ ಕಪಾಟಿನಲ್ಲಿ ಇರಬೇಕಾದ ಪುಸ್ತಕ. ಅದನ್ನು ಮೆಚ್ಚಿ ಮುಚ್ಚಿಟ್ಟರೆ ಸಾಲದು. ಮಳೆಗಾಲಕ್ಕೊಮ್ಮೆಯಾದರೂ ತೆರೆದು ಓದಿ, ಸಾಧ್ಯವಾದರೆ ಆ ವರ್ಷ ಒಂದು ದಿವಸ ಹೆಚ್ಚಿಗೆ ನಿಂತು ಬರಬೇಕು.